ಲಾಠಿ ಬೇಡವೆಂದ ಅಣ್ಣ

ಚಳ್ಳಕೆರೆ ಠಾಣೆಯ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಪೊಲೀಸ್ ಪೇಟವನ್ನು ಮುಂದೆ ಚಾಚಿದಾಗ ನನ್ನ ಅಣ್ಣ ಹಿಂದಕ್ಕೆ ಸರಿದುಬಿಟ್ಟ. ಓಟದಲ್ಲೂ ಕುಸ್ತಿಯಲ್ಲೂ ಎಲ್ಲರನ್ನೂ ಮೀರಿಸಿ ಪೇದೆ ಕೆಲಸಕ್ಕೆ ಆಯ್ಕೆಯಾದವನು ಅವನೇ. ಜೊತೆಗೆ ಹೋಗಿದ್ದ ನಾನು ಅವನ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ನೂಕಿದೆ. ಅತ್ತ ನಮ್ಮೂರು ಮೊಳಕಾಲ್ಮೂರಿನಲ್ಲಿ ಅವ್ವ ಆಗಲೇ ನೇಕಾರರ ಕೇರಿಗೆಲ್ಲ ಬೆಲ್ಲ ಹಂಚಿದ್ದಳು.

"ಯಾಕಯ್ಯಾ, ಹೆದರಿಕೆಯೇ?" ಎಂದರು ಸಾಹೇಬರು.

"ಹೆದರಿಕೆ ನನ್ನ ಮ್ಯಾಲೇ ಸ್ವಾಮಿ. ಸಿಟ್ಟು ಬಂದ್ರೆ ನನಗೆ ಕಣ್ಣೇ ಕಾಣಲ್ಲ. ಕೈಗೆ ಲಾಠಿ ಕೊಟ್ರೆ ಯಾರ ತಲೆ ಒಡೀತೀನೋ! ಮಗ್ಗದಾಗೆ ಸಿಟ್ಟು ಮಾಡಿದ್ರೆ ರೇಷ್ಮೆ ಎಳೆ ಹರಿತೈತೆ, ಅಷ್ಟೇ. ಅದಕ್ಕೆ ಗಂಟು ಹಾಕೋ ಹೊತ್ತಿಗೆ ಸಿಟ್ಟೂ ಇಳಿದಿರ್ತೈತೆ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವನ ಬೆನ್ನು ತಟ್ಟಿ, "ಇಷ್ಟು ತಿಳಿದವನು ಸಿಕ್ಕಿಯೂ ಕೈತಪ್ಪಿದನಲ್ಲ" ಎಂದು ಕಳಿಸಿಕೊಟ್ಟರು. ಊರಿಗೆ ಬಂದರೆ ಅವ್ವ ವಾರವಿಡೀ ಅವನೊಡನೆ ಮಾತು ಬಿಟ್ಟಳು. ಅಣ್ಣ ಮಾತ್ರ ನಿರಾಳವಾಗಿ ಮಗ್ಗಕ್ಕೆ ಕೂತ.

ಮುಂದೆ ನನ್ನನ್ನೂ ಮಗ್ಗಕ್ಕೆ ಕೂರಿಸುವ ಮಾತು ಬಂತು. ಕೂತಲ್ಲಿ ಕೂರಲಾರದ, ಬಾಯಿ ಮುಚ್ಚಲಾರದ ನನ್ನ ಗುಣ ನನಗೆ ಗೊತ್ತಿತ್ತು. ಅದನ್ನು ಹೇಳುವ ಧೈರ್ಯ ಅಣ್ಣನಿಂದ ಬಂತು. ಈಗ ಅವನು ನೇಯುತ್ತಾನೆ, ನಾನು ಸೀರೆ ಹೊತ್ತು ಊರೂರು ತಿರುಗಿ ಮಾರುತ್ತೇನೆ. ಇಬ್ಬರಿಗೂ ಒಳ್ಳೆ ನಿದ್ದೆ ಬರುತ್ತದೆ.