ಬಾಡಿಗೆ ಕೋಟಿನ ರೈಮೊ

ಫೋನಿನಲ್ಲಿ ನೀವು ನೋಡಿದ ರೈಮೊ ನನ್ನ ಗಂಡನಲ್ಲ. ಹಿತ್ತಾಳೆ ಗುಂಡಿಯ ಕರಿ ಕೋಟು, ಎತ್ತರದ ಟೋಪಿ, ಕೆನ್ನೆಯ ಮೇಲೆ ಮಸಿ. ಕೋಟು ಬಾಡಿಗೆಯದು. ಮಸಿ ನಾನು ಹಚ್ಚಿದ್ದು.

ನನ್ನ ಗಂಡ ನಲವತ್ತೊಂದು ವರ್ಷ ಹೊಗೆಗೂಡು ಗುಡಿಸಿದ. ಫಿನ್ಲೆಂಡಿನ ನಮ್ಮ ಊರು ಸುವೊನೆನ್ಯೊಕಿಯ ಸುತ್ತ ಅವನು ಹತ್ತದ ಮಾಡು ಇಲ್ಲ. ಹಗ್ಗದ ತುದಿಗೆ ಕಬ್ಬಿಣದ ಗುಂಡು, ಮೇಲೊಂದು ಬ್ರಷ್, ಮೈಮೇಲೆ ತೇಪೆ ಹಾಕಿದ ಹಳೆಯ ಬಟ್ಟೆ. ಕೆಲಸ ಮುಗಿದ ಮೇಲೆ ಅಂಗಳದಲ್ಲೇ ಮುಖ ತೊಳೆಯುತ್ತಿದ್ದ. ಮಸಿ ಮುಖ ಹೊತ್ತು ಯಾರ ಅಡುಗೆಮನೆಗೂ ಕಾಲಿಟ್ಟವನಲ್ಲ. ಒಲೆಯಲ್ಲಿ ಏನಾದರೂ ಕೆಟ್ಟಿದ್ದರೆ ಚೀಟಿ ಬರೆದು ಮೇಜಿನ ಮೇಲಿಟ್ಟು ಬರುತ್ತಿದ್ದ. ಮಾತು ಕಡಿಮೆ.

ಸಂಜೆ ಗೆರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಮಸಿ ಮಿರಿಮಿರಿ ಮಿಂಚಿದರೆ ಆ ಮನೆಯವರು ಹಸಿ ಸೌದೆ ಉರಿಸುವ ಆತುರಗಾರರು. ಬೂದಿಯಲ್ಲಿ ಮೊಳೆ ಸಿಕ್ಕರೆ ಹಳೆ ಕುರ್ಚಿ ಸುಟ್ಟಿದ್ದಾರೆ, ಸೌದೆಗೂ ತತ್ವಾರ. ಯಾರ ಹೆಸರನ್ನೂ ಬರೆಯಲಿಲ್ಲ. ನಿವೃತ್ತನಾದ ಮೇಲೆ ಎಲ್ಲವನ್ನೂ ಸೇರಿಸಿ ಹೆಲ್ಸಿಂಕಿಯ ಪ್ರಕಾಶಕರಿಗೆ ಕಳಿಸಿದ. ಅವರು ಅಚ್ಚು ಹಾಕುತ್ತೇವೆ ಎಂದರು. ಅವತ್ತು ಅವನು ಎರಡು ಸಲ ಕಾಫಿ ಕಾಯಿಸಿದ. ಅವನಿಗೆ ಅದೇ ಹಬ್ಬ.

ಆಮೇಲೆ ವೆನ್ಲಾ ಫೋನ್ ಮಾಡಿದಳು. ಪ್ರಕಾಶಕರ ಕಡೆಯಿಂದ ಪುಸ್ತಕದ ಪ್ರಚಾರ ನೋಡಿಕೊಳ್ಳುವ ಹುಡುಗಿ.

"ರೈಮೊ ಅವರೇ, ನಿಮ್ಮನ್ನ ಎಷ್ಟು ಜನ ಫಾಲೋ ಮಾಡ್ತಾರೆ?"

"ಹೆಲ್ವಿ ಒಬ್ಳು," ಅಂದ ರೈಮೊ ನನ್ನ ಕಡೆ ನೋಡಿ. "ಅವಳೂ ಮನಸ್ಸು ಬಂದಾಗ."

ಅವಳು ನಕ್ಕಳು. ಈಗಿನ ಕಾಲದಲ್ಲಿ ಲೇಖಕ ಕಾಣಿಸಿಕೊಳ್ಳದಿದ್ದರೆ ಪುಸ್ತಕ ಇದ್ದೂ ಇಲ್ಲದ ಹಾಗೆ ಎಂದಳು. ಅವನ ಹೆಸರಿನಲ್ಲಿ ಖಾತೆ ತೆರೆದಳು. ಕೋಟು ಕಳಿಸಿದಳು. ವಾರಕ್ಕೆರಡು ವಿಡಿಯೊ, ಪ್ರತಿ ವಿಡಿಯೊದ ಕೊನೆಗೆ ನೋಡುವವರಿಗೆ ಒಂದು ಪ್ರಶ್ನೆ. ಪ್ರಶ್ನೆ ಕೇಳಿದರೆ ಜನ ಉತ್ತರ ಬರೆಯುತ್ತಾರಂತೆ.

ವಿಡಿಯೊ ತೆಗೆದವಳು ನಾನು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಜೊತೆ ಆಡದಷ್ಟು ಮಾತನ್ನು ಏಳು ತಿಂಗಳಲ್ಲಿ ಆ ಫೋನಿನ ಜೊತೆ ಆಡಿದ. ಒಂದು ದಿನ ಊಟದ ಮೇಜಿನಲ್ಲಿ ಗಂಟಲು ಸರಿ ಮಾಡಿಕೊಂಡು ಕೇಳಿದ, "ನಿಮ್ಮನೇಲಿ ಮೀನಿನ ಸಾರಿಗೆ ಸಬ್ಬಸಿಗೆ ಯಾವಾಗ ಹಾಕ್ತೀರಿ?"

"ನಿಮ್ಮನೇನಾ? ಇದ್ಯಾರ ಮನೆ ಕಣೋ?"

ಅವನಿಗೇ ನಾಚಿಕೆಯಾಯಿತು. ಆದರೆ ಬಿಡಲಿಲ್ಲ. ಪುಸ್ತಕ ಅಚ್ಚಾಗಿ ಬಂತು, ಫಾಲೋ ಮಾಡುವವರು ಹನ್ನೊಂದು ಸಾವಿರ ಜನ ಆದರು. ಬೆಳಿಗ್ಗೆ ಎದ್ದ ಕೂಡಲೇ ಎಣಿಸುತ್ತಿದ್ದ. ಅವನ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅನ್ನಲಿ.

ಎದೆಯ ಕಾಯಿಲೆ ಮೊದಲಿಂದ ಇತ್ತು. ಸೆಪ್ಟೆಂಬರಿನಲ್ಲಿ ಕೆಮ್ಮು ಹೆಚ್ಚಿತು. ಆಸ್ಪತ್ರೆಗೆ ಸೇರುವ ಮೊದಲು ಕ್ರಿಸ್‌ಮಸ್‌ವರೆಗಿನದನ್ನು ಒಟ್ಟಿಗೆ ತೆಗೆದಿಡಿ ಎಂದಳು ವೆನ್ಲಾ. ನಮ್ಮಲ್ಲಿ ಪುಸ್ತಕ ಮಾರಾಟವಾಗುವುದೇ ಆಗ. ಒಂದೇ ದಿನದಲ್ಲಿ ಹದಿಮೂರು ತೆಗೆದೆವು.

ಅವುಗಳಲ್ಲಿ ಒಂದೂ ಹೊರಡುವ ಮೊದಲೇ, ಅಕ್ಟೋಬರಿನ ಕೊನೆಯ ಮಂಗಳವಾರ, ರೈಮೊ ಹೋದ. ಬುಧವಾರ ವೆನ್ಲಾಗೆ ಹೇಳಿದೆ. ಅತ್ತಳು. ಅತ್ತು ಮುಗಿಸಿ, "ನಿಮ್ಮ ಕಡೆ ಮಣ್ಣಾಗೋವರೆಗೆ ಪೇಪರಲ್ಲಿ ಹಾಕಲ್ವಲ್ಲ, ನಾವೂ ಅಲ್ಲೀವರೆಗೆ ಹೇಳಲ್ಲ ಬಿಡಿ," ಅಂದಳು. ಮರ್ಯಾದೆ ಗೊತ್ತಿರುವ ಹುಡುಗಿ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಸ್ವೀಡನ್ನಿನಿಂದ ರೈಮೊನ ಅಕ್ಕ ಐಲಿ ಫೋನ್ ಮಾಡಿದಳು. ಎಂಬತ್ತೆರಡು ವರ್ಷ ಅವಳಿಗೆ.

"ಹೆಲ್ವಿ, ನೀನು ಹೇಳಿದ್ದು ಸುಳ್ಳಾ? ಈಗ ತಾನೇ ಮಾತಾಡ್ದ ಕಣೇ. ನಿಮ್ಮನೇಲಿ ಒಲೆ ಹಚ್ಚಿದ್ರಾ ಅಂತ ಕೇಳ್ದ."

"ಇಲ್ಲ ಅತ್ತಿಗೆ. ಅದು ಹಳೇದು."

"ನಾನು ಹಚ್ಚಿದೀನಿ ಅಂತ ಉತ್ತರ ಬರೆದ್ಬಿಟ್ಟೆ."

ಅವನು ಶವಾಗಾರದಲ್ಲಿ ಮಲಗಿದ್ದಾಗ ಎರಡು ವಿಡಿಯೊ ಹೊರಟವು. ಇನ್ನೂ ಹನ್ನೊಂದು ಸಾಲಿನಲ್ಲಿ ನಿಂತಿದ್ದವು. ನನಗೆ ಬೇಕಾದದ್ದು ಒಂದೇ. ಅವು ಹೋಗಬಾರದು.

ಶನಿವಾರ ಮಣ್ಣು ಮಾಡಿದೆವು. ವೆನ್ಲಾ ರೈಲಿನಲ್ಲಿ ಬಂದಿದ್ದಳು. ಸಭಾಭವನದ ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ಸುದ್ದಿ ನಿನ್ನೆ ಸಂಜೆ ಹಾಕಿದೀವಿ. ಜನ ಎಷ್ಟು ಪ್ರೀತಿಯಿಂದ ಬರೆದಿದಾರೆ ನೋಡಿ, ಎಲ್ಲಾ ಪ್ರಿಂಟ್ ತೆಗೆದು ತಂದಿದೀನಿ. ಹೆಲ್ವಿಯವರೇ, ಉಳಿದ ವಿಡಿಯೊಗಳೂ ಹೋಗ್ಲಿ. ಇನ್ನೊಂದು ಮುದ್ರಣ ಆಗುತ್ತೆ. ಅವರಿಗೂ ಅದೇ ಆಸೆ ಇತ್ತಲ್ವಾ."

"ಕಾಫಿ ಕುಡಿ. ಆಮೇಲೆ ಮಾತು," ಅಂದೆ. ಮಣ್ಣಾಗುವವರೆಗೆ ಹೇಳಲ್ಲ ಅಂದವಳು ಇವಳೇ.

ನಮ್ಮಲ್ಲಿ ಮಣ್ಣಾದ ಮೇಲಿನ ಕಾಫಿಯಲ್ಲಿ ಸಂತಾಪದ ಪತ್ರಗಳನ್ನು ಗಟ್ಟಿಯಾಗಿ ಓದಬೇಕು. ಕಳಿಸಿದವರ ಹೆಸರು ಸಮೇತ. ಒಂದನ್ನೂ ಬಿಡುವ ಹಾಗಿಲ್ಲ. ಇಪ್ಪತ್ತೆರಡು ಪತ್ರ ಬಂದಿದ್ದವು, ನಿಂತು ಓದಿದೆ. ಆಮೇಲೆ ವೆನ್ಲಾ ತಂದ ಕಟ್ಟು ಕೈಗೆತ್ತಿಕೊಂಡೆ. ಫೋನಿನವರು ಇಟ್ಟುಕೊಂಡ ಹೆಸರು, ಹಾಕಿದ ಚಿತ್ರ, ಎಲ್ಲ ಇದ್ದ ಹಾಗೇ ಓದಿದೆ.

"ಸಾರಿ ಎಪ್ಪತ್ಮೂರು. ಹೃದಯ."

ಜನ ತಲೆ ಎತ್ತಿದರು.

"ಪಿಲ್ಕು ಮತ್ತು ಬೆಕ್ಕುಗಳು. ಅಳುವ ಮುಖ, ಅಳುವ ಮುಖ, ಹೃದಯ. ಹೆಸರಿಲ್ಲ. ಮೇಣದಬತ್ತಿ. ಹೆಸರಿಲ್ಲ. ಹೆಬ್ಬೆರಳು."

"ಎಲ್ಲಾ ಓದ್ಬೇಕು ಅಂತೇನಿಲ್ಲ," ಅಂದಳು ವೆನ್ಲಾ ಮೆಲ್ಲಗೆ.

"ತಂದವಳು ನೀನು. ಬಂದದ್ದನ್ನ ಬಿಡೋ ಪದ್ಧತಿ ನಮ್ಮಲ್ಲಿಲ್ಲ." ಓದಿದೆ. "ಕೊಳವೆ ಶುಚಿ ಮಾಡೋ ಯಾರೋ ಅಂಗಡಿಯವ್ರು. ರೈಮೊ ಆತ್ಮಕ್ಕೆ ಶಾಂತಿ, ಚಳಿಗಾಲಕ್ಕೆ ಹತ್ತು ಪರ್ಸೆಂಟ್ ರಿಯಾಯಿತಿ."

ಪಕ್ಕದ ಮನೆಯ ತೊಯ್ವೊ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ವೆನ್ಲಾಳ ಕುತ್ತಿಗೆ ಕೆಂಪಾಯಿತು. ನಾಲ್ಕುನೂರ ಹನ್ನೆರಡು ಇದ್ದವು. ಪಾದ್ರಿ ಗಡಿಯಾರ ನೋಡಿದರು. ನಾನು ನೋಡಲಿಲ್ಲ.

ಮುನ್ನೂರು ದಾಟಿದ ಮೇಲೆ ಇದು ಬಂತು. ಮಾರ್ಯುತ್, ಕುವೊಪಿಯೊ ಊರಿನವಳು. "ನಾನು ಚಿಕ್ಕವಳಿದ್ದಾಗ ಈ ಮನುಷ್ಯ ನಮ್ಮ ಮನೆಗೆ ಬಂದು, ಈ ಒಲೆ ಹೊತ್ತಿಸಬೇಡಿ ಅಂತ ಚೀಟಿ ಇಟ್ಟು ಹೋದ. ಅಮ್ಮ ಬೈದಳು. ಅಪ್ಪ ಇಟ್ಟಿಗೆ ತೆಗೆಸಿದ. ಒಳಗಿನ ತೊಲೆ ಅರ್ಧ ಸುಟ್ಟಿತ್ತು. ಅದರ ಮೇಲಿನ ಕೋಣೆಯಲ್ಲಿ ನಾವು ಮೂವರು ಮಕ್ಕಳು ಮಲಗುತ್ತಿದ್ದೆವು. ಫೋನಿನಲ್ಲಿ ಆ ಟೋಪಿ ನೋಡಿ ನಗು ಬಂತು, ಗುರುತು ಸಿಗಲಿಲ್ಲ. ಪುಸ್ತಕ ತರಿಸಿ ಓದಿದಾಗ ಅರವತ್ತೊಂದನೇ ಪುಟದಲ್ಲಿ ನಮ್ಮ ಮನೆ ಇತ್ತು."

ಅಲ್ಲಿಗೆ ಕಟ್ಟನ್ನು ಮೇಜಿನ ಮೇಲಿಟ್ಟೆ. ಸ್ವೀಡನ್ನಿನಿಂದ ಬಂದಿದ್ದ ಐಲಿ ಎದ್ದು ಬಂದು ಉಳಿದದ್ದನ್ನು ಓದಿದಳು. ಹೃದಯ, ಹೃದಯ, ಮೇಣದಬತ್ತಿ.

ಆಮೇಲೆ ವೆನ್ಲಾ ನನ್ನ ಎದುರಿಗೆ ಬಂದು ಕೂತಳು. "ನೋಡಿ, ಅವಳಿಗೆ ಪುಸ್ತಕ ಸಿಕ್ಕಿದ್ದು ವಿಡಿಯೊದಿಂದಾನೇ."

ನಿಜ. ಅದು ನಿಜವಾದ್ದರಿಂದಲೇ ನನಗೆ ಸಿಟ್ಟು ಇನ್ನೂ ಏರಿತು.

"ಗುರುತು ಸಿಗಲಿಲ್ಲ ಅಂತಾನೂ ಬರೆದಿದಾಳೆ. ಅದನ್ನ ಕೇಳಿಸ್ಕೊಂಡ್ಯಾ?" ಅಂದೆ. "ಮುಖ ತೊಳೀದೆ ಯಾರ ಮನೆಯೊಳಗೂ ಕಾಲಿಡದವನಿಗೆ ಮಸಿ ಬಳಿಸ್ದೆ. ಬದುಕಿದ್ದಾಗ ಅವನು ಒಪ್ಪಿದ, ಸರಿ. ಈಗ ಒಪ್ಪೋಕೆ ಅವನಿಲ್ಲ. ಫೋನ್ ತೆಗಿ. ಹನ್ನೊಂದನ್ನೂ ಅಳಿಸು."

"ಇನ್ನೊಂದು ಮುದ್ರಣ ಆಗಲ್ಲ ಹಾಗಾದ್ರೆ."

"ಬೇಡ."

ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿ, ಒಂದೊಂದಾಗಿ ಅಳಿಸಿದಳು. ನಾನು ಎಣಿಸಿದೆ. ಖಾತೆಯನ್ನು ಮುಚ್ಚಲಿಲ್ಲ, ಐಲಿ ಬೇಡ ಅಂದಳು, ಬೆಳಿಗ್ಗೆ ಎದ್ದರೆ ತಮ್ಮನ ದನಿ ಬೇಕು ಅವಳಿಗೆ. ಪೇಪರಿಗೆ ಕೊಟ್ಟ ಮರಣದ ಸುದ್ದಿಯನ್ನೇ ಅದರಲ್ಲೂ ಹಾಕಿಸಿದೆ. ಹೆಸರು, ಹುಟ್ಟಿದ ದಿನ, ಸತ್ತ ದಿನ, ಹೊಗೆಗೂಡು ಗುಡಿಸುವವನು. ಕೊನೆಗೆ ಪ್ರಶ್ನೆ ಹಾಕಲು ಬಿಡಲಿಲ್ಲ.

ವೆನ್ಲಾಳ ಬಳಿ ಇದ್ದವು ಕತ್ತರಿಸಿ ಸರಿ ಮಾಡಿದವು. ಕತ್ತರಿಸದವು ರೈಮೊನ ಫೋನಿನಲ್ಲೇ ಇವೆ. ಅವುಗಳಲ್ಲಿ ಅವನು ಕೆಮ್ಮುತ್ತಾನೆ, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾನೆ, "ಸಾಕು ಕಣೇ ಹೆಲ್ವಿ" ಅನ್ನುತ್ತಾನೆ. ಆಮೇಲೆ ನನ್ನ ದನಿ ಬರುತ್ತದೆ. "ಇನ್ನೊಂದ್ಸಲ," ಅನ್ನುತ್ತದೆ. ಹದಿಮೂರರಲ್ಲೂ ಹಾಗೇ ಇರಬೇಕು. ನಾನು ನೋಡಿದ್ದು ಒಂದನ್ನು ಮಾತ್ರ.