ಒಂಬತ್ತನೇ ನಂಬರಿನ ಒಣ ಜರ್ಸಿ

ಏಳು ಮುದುಕರ ಬೆವರಿನ ವಾಸನೆ ಹಿಡಿದು ಗಂಡನ ಕಳ್ಳಾಟ ಪತ್ತೆ ಮಾಡಿದ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಕಾಫಿ ಲೋಟ ಹತ್ತಿರ ಇಟ್ಟುಕೊಂಡು ಕುಳಿತುಕೊಳ್ಳಿ, ಆ ಹೆಂಗಸು ನಾನೇ. ಮಗಳು ಹ್ಯಾಂಬರ್ಗಿನಿಂದ ಬಂದಾಗ ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿ ಹೋಗಿದ್ದಾಳೆ. ಒಂದೇ ಬೆರಳಿನ ಕೆಲಸ, ಆದ್ದರಿಂದ ಸ್ವಲ್ಪ ನಿಧಾನ. ನಿಮಗೂ ಅಂಥ ಅವಸರವೇನೂ ಇದ್ದಂತಿಲ್ಲ.

ಇವತ್ತು ಶನಿವಾರ. ಬೆಳಿಗ್ಗೆ ಕೆಲ್ಲರಿಗೆ ಇಳಿದಿದ್ದೆ. ರೇಗನ್ಸ್‌ಬರ್ಗಿನ ಹೊರವಲಯದ ನಮ್ಮ ಕಟ್ಟಡದಲ್ಲಿ ಎಲ್ಲ ಮನೆಯವರ ವಾಷಿಂಗ್ ಮಷೀನುಗಳೂ ನೆಲದಡಿಯ ಆ ಕೋಣೆಯಲ್ಲೇ ಸಾಲಾಗಿ ನಿಂತಿರುತ್ತವೆ. ಒಗೆದು ಒಣಗಿಸಿದ ಜರ್ಸಿಗಳನ್ನು ತುಂಬೋಣವೆಂದು ನೀಲಿ ಚೀಲದ ಜಿಪ್ ಎಳೆದರೆ, ಖಾಲಿ ಚೀಲದಿಂದಲೂ ಅದೇ ವಾಸನೆ! ಒದ್ದೆ ಹುಲ್ಲು, ಕೆಸರು, ಮೊಣಕಾಲಿಗೆ ತಿಕ್ಕುವ ಮುಲಾಮು, ಒಂದಿಷ್ಟು ಬಿಯರು, ಇವನ್ನೆಲ್ಲ ಒಟ್ಟಿಗೆ ಮುಚ್ಚಿಟ್ಟು ಎರಡು ದಿನ ಮರೆತರೆ ಏನಾಗುತ್ತದೋ ಅದು. ಮೂಗು ಮುಚ್ಚಿಕೊಂಡೇ ನಕ್ಕೆ.

ಇಲ್ಲಿನ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜರ್ಮನಿಯಲ್ಲಿ ಊರೂರಿಗೂ ಒಂದು ಫುಟ್‌ಬಾಲ್ ಸಂಘ. ಅದರಲ್ಲಿ ಚಿಕ್ಕ ಮಕ್ಕಳ ತಂಡ, ದೊಡ್ಡ ಮಕ್ಕಳ ತಂಡ, ಹೀಗೆ ಮೆಟ್ಟಿಲು ಹತ್ತಿ ಹತ್ತಿ ಕೊನೆಗೆ ‘ಆಲ್ಟೆ ಹೆರ್ರನ್’. ಹಿರಿಯ ಮಹನೀಯರು ಎಂಬ ಮರ್ಯಾದೆಯ ಹೆಸರು, ಒಳಗಿರುವವರು ಮಂಡಿನೋವಿನ ಮುದುಕರು. ಆಟ ಮುಗಿದ ಮೇಲೆ ಎಲ್ಲರ ಜರ್ಸಿಯೂ ಒಂದೇ ಚೀಲಕ್ಕೆ ಬೀಳುತ್ತದೆ, ಚೀಲ ಸರದಿಯ ಪ್ರಕಾರ ಒಬ್ಬೊಬ್ಬರ ಮನೆಗೆ ಹೋಗುತ್ತದೆ. ತಂಡದಲ್ಲಿ ಇರುವವನ ಮನೆಗೆ ಮಾತ್ರ. ಹೀಗಾಗಿ ಯಾರ ಮನೆಯ ಕೆಲ್ಲರಿನಲ್ಲಿ ಆ ಚೀಲ ಕಂಡಿತೋ, ಆ ಮನೆಯ ಗಂಡಸು ತಂಡದಲ್ಲಿದ್ದಾನೆ ಎಂದೇ ಅರ್ಥ. ಸಾಕ್ಷಿ ಬೇರೆ ಬೇಡ.

ನಾನು ಇಪ್ಪತ್ತೆರಡು ವರ್ಷ ಆ ಚೀಲ ಒಗೆದವಳು. ಮೊಟ್ಟಮೊದಲ ಸಲ ನನ್ನ ಕೆಂಪು ಇಳಕಲ್ ಸೀರೆಯನ್ನೂ ಜೊತೆಗೇ ಹಾಕಿಬಿಟ್ಟಿದ್ದೆ. ಬಿಳಿ ಜರ್ಸಿಯ ತಂಡ ಆ ಶನಿವಾರ ಗುಲಾಬಿ ಬಣ್ಣದಲ್ಲಿ ಮೈದಾನಕ್ಕಿಳಿಯಿತು. ಎದುರಾಳಿಗಳು ನಕ್ಕು ನಕ್ಕು ಮೂರು ಗೋಲು ಬಿಟ್ಟುಕೊಟ್ಟರು. ಮರುವಾರ ತಂಡದ ನಾಯಕ ಗ್ಯುಂಟರ್ ನಮ್ಮ ಬಾಗಿಲಿಗೇ ಬಂದು ಕೇಳಿದ, “ಆ ಸೀರೆ ಇನ್ನೂ ಇದೆಯಾ? ಇನ್ನೊಂದು ಸಲ ಹಾಕೋಕಾಗುತ್ತಾ?”

ನಮ್ಮವರಿಗೆ ಫುಟ್‌ಬಾಲಿನ ಹುಚ್ಚು ಇಲ್ಲಿ ಅಂಟಿದ್ದಲ್ಲ. ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು, ಆಮೇಲೆ ಒಂದು ಕಾರ್ಖಾನೆಯ ತಂಡದಲ್ಲಿ ಒಂಬತ್ತನೇ ನಂಬರು. ಮೈಸೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ಎಡಗಾಲಿನ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತಾ ಬಂದರು. ನಮ್ಮ ಸೋದರತ್ತೆ ಅಡುಗೆಮನೆಗೆ ಓಡಿಬಂದು, “ಲೇ, ಹುಡುಗನಿಗೆ ಕಾಲು ಊನ, ಉಪ್ಪಿಟ್ಟು ಕೊಟ್ಟು ಕಳಿಸಿಬಿಡೋಣ” ಎಂದರು. ಅಪ್ಪ ಮೆಲ್ಲಗೆ ಕಾಲಿನ ವಿಷಯ ಎತ್ತಿದಾಗ ಇವರು ಹೆಮ್ಮೆಯಿಂದ, “ನಿನ್ನೆ ಪೆನಾಲ್ಟಿ ಸಾರ್. ಗೋಲ್ ಆಯ್ತು” ಎಂದರಂತೆ. ಪಾಪ, ಉದ್ಯೋಗ ಏನೆಂದು ಹೇಳುವುದನ್ನೇ ಮರೆತಿದ್ದರು. ನಾನು ಬಾಗಿಲ ಸಂದಿಯಿಂದ ಆ ಬ್ಯಾಂಡೇಜನ್ನು ನೋಡಿದೆ. ಮುಖವನ್ನು ಆಮೇಲೆ ನೋಡಿದ್ದು. ಬ್ಯಾಂಡೇಜೇ ವಾಸಿ ಎನಿಸಿತ್ತು.

ಈ ಊರಿಗೆ ಬಂದ ಮೇಲೆ ಭಾಷೆ ಬರುವ ಮುಂಚೆಯೇ ಅವರಿಗೆ ತಂಡ ಸಿಕ್ಕಿತು. ನಾನು ಗಂಡನ ಹೆಸರು ಹಿಡಿದು ಕೂಗುವ ಕಾಲದವಳಲ್ಲ. ಗೆರೆಯಾಚೆ ಕೊಡೆ ಹಿಡಿದು ನಿಂತು “ರೀ! ನೋಡ್ಕೊಂಡು ರೀ!” ಎಂದು ಅರಚುತ್ತಿದ್ದೆ. ವಾರ ಕಳೆಯುವುದರೊಳಗೆ ತಂಡದವರೂ ಅವರನ್ನು ‘ರೀ’ ಎಂದೇ ಕರೆಯತೊಡಗಿದರು. ನಾನು ‘ಫ್ರೌ ರೀ’, ಅಂದರೆ ಶ್ರೀಮತಿ ರೀ, ಆದೆ. ತಿದ್ದಲು ಹೋಗಲಿಲ್ಲ. ಅಷ್ಟು ಜನ ದಾಂಡಿಗರು ನನ್ನ ಗಂಡನನ್ನು ‘ರೀ’ ಎಂದು ಮರ್ಯಾದೆಯಿಂದ ಕರೆಯುವಾಗ ತಿದ್ದುವವಳು ಪೆದ್ದಿ.

ಎಂಟು ವರ್ಷದ ಹಿಂದೆ, ಅವರಿಗೆ ಅರವತ್ತೆರಡು ಆಗಿದ್ದಾಗ, ಬಲ ಮಂಡಿ ಆಟದ ನಡುವೆ ತಿರುಚಿಕೊಂಡಿತು. ಆಪರೇಷನ್ ಆಯಿತು. ಇನ್ನೊಂದು ಸಲ ಹೀಗೆ ತಿರುಚಿದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮಂಚದ ಪಕ್ಕ ಕುಳಿತು ನಾನು ಅವರ ಕೈಯನ್ನು ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ.

“ನನ್ನ ತಲೆ ಮುಟ್ಟಿ ಆಣೆ ಮಾಡಿ. ಇನ್ನು ಆಡಲ್ಲ ಅಂತ.”

“ಅರಿವಳಿಕೆ ಇನ್ನೂ ಇಳಿದಿಲ್ಲ ಕಣೆ. ನಾಳೆ ಹೇಳ್ತೀನಿ.”

“ಇಳಿಯೋಕೆ ಮುಂಚೆನೇ ಹೇಳಿ. ಇಳಿದ ಮೇಲೆ ನೀವು ಹೇಳಲ್ಲ.”

ಹೇಳಿದರು. ತಂಡದವರು ಬೀಳ್ಕೊಡುಗೆ ಮಾಡಿದರು, ಹೂಗುಚ್ಛ ಕೊಟ್ಟರು. ಗ್ಯುಂಟರ್ ಅತ್ತೇಬಿಟ್ಟ. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಗೆದ್ದ ಮೇಲೆ ಏನಾಯಿತೆಂದು ಯಾವ ಹೆಂಗಸೂ ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಂಡಸು ಮನೆಯಲ್ಲಿ ಉಳಿದ. ಹುಳಿಗೆ ಉಪ್ಪು ಬೀಳುವ ಮುಂಚೆಯೇ “ಉಪ್ಪು ಜಾಸ್ತಿ ಆಗುತ್ತೆ ನೋಡು” ಎನ್ನುವುದು. ಸಾಸಿವೆ, ಜೀರಿಗೆ ಡಬ್ಬಗಳನ್ನು ಎತ್ತರದ ಪ್ರಕಾರ ನಿಲ್ಲಿಸುವುದು. ಅಂಗಡಿಗೆ ಹಿಂದಿರುಗಿಸಬೇಕಾದ ಖಾಲಿ ಬಾಟಲಿಗಳನ್ನು ತೊಳೆದು, ಒರೆಸಿ, ಕವಾಯತಿಗೆ ನಿಲ್ಲಿಸಿದಂತೆ ಜೋಡಿಸುವುದು. ಶನಿವಾರ ಮಧ್ಯಾಹ್ನ ಮಾತ್ರ ಮಾತಿಲ್ಲ. ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುವುದು. ನಮ್ಮ ಕಿಟಕಿಯಿಂದ ಮೈದಾನ ಕಾಣುವುದಿಲ್ಲ, ಬಸ್ ಸ್ಟಾಪ್ ಕಾಣುತ್ತದೆ. ಆದರೂ ನೋಡುವುದು. ಮಗಳು ಫೋನಿನಲ್ಲಿ, “ಅಮ್ಮಾ, ಅಪ್ಪ ಯಾಕೋ ಡಲ್ ಆಗಿದಾರಲ್ಲ” ಎಂದರೆ, “ವಯಸ್ಸು ಕಣೆ” ಎಂದು ಮಾತು ತೇಲಿಸುತ್ತಿದ್ದೆ. ವಯಸ್ಸು ಅಲ್ಲವೆಂದು ನನಗೆ ಗೊತ್ತಿತ್ತು.

ಈ ವರ್ಷ ಇದ್ದಕ್ಕಿದ್ದಂತೆ ಅವರ ಮುಖಕ್ಕೆ ಕಳೆ ಬಂತು. ಶನಿವಾರ ಮಧ್ಯಾಹ್ನ ಇಲ್ಲಿನವರ ಹಾಗೆ ಎರಡು ಕೋಲು ಹಿಡಿದು ವಾಕಿಂಗಿಗೆ ಹೋಗತೊಡಗಿದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೆ ಒಂದು ದಿನ, “ನೀನು ಯಾಕೆ ಮೆಟ್ಟಿಲು ಹತ್ತಿ ಇಳೀತೀಯಾ, ಬಟ್ಟೆ ನಾನೇ ಒಗೆದ್ಬಿಡ್ತೀನಿ” ಎಂದರು. ನೀವೇ ಹೇಳಿ, ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ ಒಬ್ಬ ಗಂಡಸು ಹಾಗೆಂದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಆರು ವಾರ ಸುಮ್ಮನಿದ್ದೆ, ಸುಖವಾಗಿತ್ತು. ಏಳನೇ ವಾರ, ಸೋಮವಾರ, ಅವರು ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಕೆಲ್ಲರಿಗೆ ಇಳಿದೆ. ಮಷೀನಿನ ಹಿಂದೆ, ಹಳೆಯ ಕಂಬಳಿಯ ಕೆಳಗೆ, ನೀಲಿ ಚೀಲ.

ನನ್ನ ತಲೆ ಮುಟ್ಟಿ ಮಾಡಿದ ಆಣೆ! ಮೊದಲು ಕೈ ಹೋದದ್ದು ತಲೆಗೇ. ತಲೆ ಇದ್ದ ಜಾಗದಲ್ಲೇ ಇತ್ತು. ಹಿಂದಿನ ವಾರ ಎರಡು ದಿನ ತಲೆನೋವು ಬಂದದ್ದು ನೆನಪಾಗಿ, ಇದಕ್ಕೇ ಬಂದದ್ದು ಎಂದು ಗ್ಯಾರಂಟಿಯಾಯಿತು. ಬರಲಿ ಇವತ್ತು ಎಂದುಕೊಂಡು ಜರ್ಸಿಗಳನ್ನು ಒಂದೊಂದಾಗಿ ಮಷೀನಿಗೆ ತುರುಕಿದೆ. ಹಳೇ ಕೈ ನೋಡಿ, ಕೋಪದಲ್ಲೂ ಕೊಳೆ ಬಟ್ಟೆ ಬಿಟ್ಟು ಬರಲಾಗುವುದಿಲ್ಲ. ಏಳು ಜರ್ಸಿ ಕೆಸರು, ಬೆವರು. ಎಂಟನೆಯದು ತಳದಲ್ಲಿತ್ತು. ಒಂಬತ್ತನೇ ನಂಬರು. ಒಣಗಿಯೇ ಇತ್ತು. ಹಿಂದಿನ ವಾರ ಮಡಚಿದ ಗೆರೆಗಳು ಹಾಗೇ ಇದ್ದವು, ಸಾಬೂನಿನ ಪರಿಮಳವೂ ಹೋಗಿರಲಿಲ್ಲ.

ಮೆಟ್ಟಿಲ ಮೇಲೆ ಕುಳಿತುಕೊಂಡೆ. ಕೋಪ ಆರಲಿಲ್ಲ, ದಿಕ್ಕು ಬದಲಿಸಿತು. ಏನು, ನನ್ನ ಗಂಡನನ್ನು ಆಡಿಸುವುದಿಲ್ಲವೇ? ಬೆಂಚಿನ ಮೇಲೆ ಕೂರಿಸಿ ವಾರ ವಾರ ಊರವರ ಬಟ್ಟೆ ಒಗೆಸುತ್ತಾರೆಯೇ? ಆಡಬಾರದು ಎಂದು ನಾನು ಹೇಳಬಹುದು. ಅವರು ಯಾರು ಹೇಳಲಿಕ್ಕೆ?

ಸಂಜೆ ಚೀಲದ ಮಾತನ್ನೇ ಎತ್ತಲಿಲ್ಲ. ಒಗೆದ ಜರ್ಸಿಗಳನ್ನು ಹಗ್ಗಕ್ಕೆ ಹಾಕಿ ಬಂದಿದ್ದೆ. ಅವರು ಕೆಲ್ಲರಿಗೆ ಹೋಗಿ ಬಂದು, ಬೆಳ್ಳಗಾದ ಮುಖದಲ್ಲಿ ಕುಳಿತು, ನಾನು ಬಡಿಸಿದ್ದನ್ನೆಲ್ಲ ಉಪ್ಪಿನ ಮಾತೆತ್ತದೆ ತಿಂದರು. ಶನಿವಾರದವರೆಗೂ ಹಾಗೇ ತಿಂದರು. ಅಷ್ಟು ನೆಮ್ಮದಿಯ ವಾರ ನಾನು ಕಂಡಿಲ್ಲ.

ಶನಿವಾರ ಅವರು ಹೊರಟ ಅರ್ಧ ಗಂಟೆಗೆ ನಾನೂ ಬಸ್ ಹತ್ತಿದೆ. ಮೈದಾನದಲ್ಲಿ ಆಟ ನಡೆದಿತ್ತು. ಹಿರಿಯರದು ಏಳು ಜನರ ಆಟ. ಎಣಿಸಿದೆ, ನಮ್ಮ ಕಡೆ ಆರೇ ಜನ. ಏಳನೆಯವನೊಬ್ಬ ಮೀನಖಂಡ ಹಿಡಿದುಕೊಂಡು ಗೆರೆಯಾಚೆ ಮಲಗಿದ್ದ. ಅವನ ಪಕ್ಕದ ಬೆಂಚಿನಲ್ಲಿ ಒಂಬತ್ತನೇ ನಂಬರಿನ ಜರ್ಸಿ, ಬೂಟು ಎಲ್ಲ ಹಾಕಿಕೊಂಡು, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದರು ನಮ್ಮವರು. ಪರೀಕ್ಷೆಗೆ ತಡವಾಗಿ ಬಂದು ಹೊರಗೆ ಉಳಿದವರ ಹಾಗೆ.

ನೇರ ಗ್ಯುಂಟರ್ ಹತ್ತಿರ ಹೋದೆ. ಅವನಿಗೀಗ ಓಡಲಾಗದು, ಗೆರೆಯ ಮೇಲೆ ನಿಂತು ಕೂಗುವುದಷ್ಟೇ ಕೆಲಸ. ನನ್ನ ಜರ್ಮನ್ ಕೋಪ ಬಂದಾಗ ಚೆನ್ನಾಗಿ ಬರುತ್ತದೆ.

“ಅಲ್ಲಪ್ಪಾ ಗ್ಯುಂಟರ್, ಆರು ಜನ ಆಡ್ತಿದೀರ, ಒಬ್ಬರನ್ನ ಕೂರಿಸಿದೀರ. ನಮ್ಮನೆಯವರು ಏನು ನಿಮ್ಮ ಅಗಸರಾ?”

ಅವನು ಕೈ ಮೇಲೆತ್ತಿಬಿಟ್ಟ. “ನಂಗ್ಯಾಕೆ ಬೈತೀರ ಫ್ರೌ ರೀ? ಎಂಟು ಹೆಸರು ಇಲ್ದಿದ್ರೆ ತಂಡ ಮುಚ್ಚಿ ಪಕ್ಕದೂರಿನ ಜೊತೆ ಸೇರಿಸ್ತೀವಿ ಅಂದ್ರು ಸಂಘದವರು. ಅದಕ್ಕೆ ಇವನು ಹೆಸರು ಕೊಟ್ಟ. ಹೆಸರು ಮಾತ್ರ, ಆಡಲ್ಲ ಅಂದ. ಆಡದೆ ಸುಮ್ನೆ ಕೂರೋಕೆ ನಾಚಿಕೆ ಅಂತ ಬಟ್ಟೆ ಒಗೆಯೋದು ತಾನೇ ವಹಿಸ್ಕೊಂಡ. ಏಳು ವಾರದಿಂದ ಕೇಳ್ತಿದೀನಿ, ‘ನಾನು ಒಳಗೆ ಕಾಲಿಟ್ರೆ ಅವಳ ತಲೆಗೆ ಏನಾದ್ರೂ ಆಗುತ್ತೆ’ ಅಂತಾನೆ.” ನಂತರ ದನಿ ಇಳಿಸಿ, ತುಂಬ ಕಾಳಜಿಯಿಂದ ಕೇಳಿದ, “ನಿಮ್ಮ ತಲೆಗೆ ಏನು ಕಾಯಿಲೆ? ಆಣೆ ಅಂತಾನಲ್ಲ, ಅದನ್ನ ರದ್ದು ಮಾಡೋಕೆ ಏನಾದ್ರೂ ಫಾರ್ಮ್ ಇದೆಯಾ? ನಾನು ಸೈನ್ ಹಾಕ್ತೀನಿ.”

ನಾನು ಬೆಂಚಿನ ಕಡೆ ನೋಡಿದೆ. ಅವರು ನನ್ನನ್ನು ಕಂಡು ಎದ್ದು ನಿಂತಿದ್ದರು.

“ಆಡಿಲ್ಲ ಕಣೆ,” ಎಂದರು. “ದೇವರಾಣೆಗೂ ಆಡಿಲ್ಲ. ಬರೀ ಹಾಕ್ಕೊಂಡಿದ್ದೆ.”

ನನ್ನ ತಲೆಗೆ ಏನೂ ಆಗಬಾರದು ಎಂದು ಏಳು ಶನಿವಾರ ಆ ಮನುಷ್ಯ ಚಳಿಯಲ್ಲಿ ಬೂಟು ಕಟ್ಟಿಕೊಂಡು ಕುಳಿತಿದ್ದಾರೆ. ನಾನು ಎರಡು ದಿನದ ತಲೆನೋವನ್ನೂ ಅವರ ಲೆಕ್ಕಕ್ಕೇ ಹಾಕಿದ್ದೆ. ಅವರ ಮಂಡಿಯನ್ನು ನೋಡಿದೆ, ಭಯವಾಯಿತು. ಮುಖವನ್ನು ನೋಡಿದೆ, ಅದಕ್ಕಿಂತ ಹೆಚ್ಚು ಭಯವಾಯಿತು. ಈಗ ನಾನು ಸುಮ್ಮನೆ ತಿರುಗಿ ಹೋದರೆ ಈ ಮನುಷ್ಯ ಜೀವಮಾನವಿಡೀ ಮಾತು ಉಳಿಸಿಕೊಂಡು ಬಸ್ ಸ್ಟಾಪ್ ನೋಡುತ್ತಲೇ ಇರುತ್ತಾರೆ.

ಅಷ್ಟೂ ಜರ್ಮನ್ ಮುದುಕರ ಎದುರಿಗೆ ಅವರ ಬಲಗೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಮರ್ಯಾದೆ ಗಿರ್ಯಾದೆ ಎಲ್ಲ ಆ ಗಳಿಗೆಗೆ ಪಕ್ಕಕ್ಕೆ.

“ನಾನೇ ಹಾಕಿಸಿದ ಆಣೆ, ನಾನೇ ಬಿಟ್ಟಿದೀನಿ. ಹದಿನೈದೇ ನಿಮಿಷ. ಮಂಡಿ ತಿರುಗಿಸಬಾರದು. ಹೋಗಿ.”

“ನಿಜವಾಗ್ಲೂ?”

“ಹೋಗ್ರೀ, ಬಸ್ಸಿದೆ ನಂಗೆ.”

ಹೋದರು. ಮೊದಲ ಚೆಂಡು ಎರಡು ಕಾಲಿನ ನಡುವೆ ಸಾಗಿ ಹೋಯಿತು. ಎರಡನೆಯದಕ್ಕೆ ಒದೆಯಲು ಹೋಗಿ ಗಾಳಿಗೆ ಒದ್ದರು. ಮೂರನೆಯದು ಎತ್ತರದಿಂದ ಬಂತು. ಅವರು ಓಡಲಿಲ್ಲ, ಎಡಗಾಲನ್ನು ಸ್ವಲ್ಪವೇ ಮುಂದಿಟ್ಟರು, ಅಷ್ಟೆ. ಚೆಂಡು ಆ ಪಾದದ ಮೇಲೆ ಸಾಕಿದ ಬೆಕ್ಕಿನ ಹಾಗೆ ಬಂದು ಕುಳಿತಿತು. ತಂಡದವರೆಲ್ಲ “ರೀ!” ಎಂದು ಕೂಗಿದರು. ನಾನು ಗಡಿಯಾರ ನೋಡಿಕೊಂಡೆ. ಇನ್ನೂ ಹತ್ತು ನಿಮಿಷ ಇತ್ತು.

ನಾಲ್ಕು ಗೋಲಿನಿಂದ ಸೋತರು. ಸೋಮವಾರ ಅವರನ್ನು ಎಳೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಮಂಡಿಯನ್ನು ಅತ್ತ ಇತ್ತ ಒತ್ತಿ, ಪಟ್ಟಿ ಕಟ್ಟಿಕೊಂಡು ಹದಿನೈದು ನಿಮಿಷ ಆಡಬಹುದು, ಒಂದು ನಿಮಿಷವೂ ಹೆಚ್ಚು ಬೇಡ ಎಂದರು. ಅಂದಿನಿಂದ ಪ್ರತಿ ಶನಿವಾರ ನಾನು ಗಡಿಯಾರ ಹಿಡಿದು ಗೆರೆಯ ಮೇಲೆ ನಿಲ್ಲುತ್ತೇನೆ. ಹದಿನೈದಕ್ಕೆ ಸರಿಯಾಗಿ ಕೈ ಎತ್ತುತ್ತೇನೆ, ಗ್ಯುಂಟರ್ ಮರುಮಾತಿಲ್ಲದೆ ಅವರನ್ನು ಹೊರಗೆ ಕರೆಯುತ್ತಾನೆ. ರೆಫರಿಗಿಂತ ನನಗೇ ಹೆಚ್ಚು ಹೆದರುತ್ತಾರಂತೆ.

ಇವತ್ತೂ ಮೂರು ಗಂಟೆಗೆ ಆಟ. ಹೊರಗೆ ಜಿಟಿಜಿಟಿ ಮಳೆ, ಕೊರೆಯುವ ಚಳಿ. ಊಟವಾದ ಮೇಲೆ ಅವರು ಸೋಫಾದ ಮೇಲೆ ಕಂಬಳಿ ಹೊದ್ದು, “ಇವತ್ತೊಂದಿನ ಬೇಡ ಕಣೆ, ಮೈ ಭಾರ” ಎಂದು ಕಣ್ಣು ಮುಚ್ಚಿದ್ದಾರೆ. ನಾನು ಈ ಬರಹವನ್ನು ಅರ್ಧಕ್ಕೆ ನಿಲ್ಲಿಸಿ, ಕಂಬಳಿ ಎಳೆದು ಹಾಕಿ, ಬೂಟುಗಳನ್ನು ಅವರ ಪಾದದ ಹತ್ತಿರ ತಂದಿಟ್ಟೆ.

“ಏಳ್ರೀ! ಅಲ್ಲಿ ಏಳು ಜನ ಕಾಯ್ತಿರ್ತಾರೆ. ಎಂಟನೆಯವರು ಇಲ್ದೆ ತಂಡ ಮುಚ್ಚಿದ್ರೆ ಯಾರು ಹೊಣೆ? ಚಳಿಯಂತೆ ಚಳಿ!”

ಅವರು ಒಂದು ಕಣ್ಣು ಮಾತ್ರ ತೆರೆದು, ಬೂಟನ್ನೂ ನನ್ನನ್ನೂ ನೋಡಿ ಹೇಳಿದರು: “ಆಡಬೇಡಿ ಅಂತ ಆಣೆ ಹಾಕಿಸಿದ್ದೂ ನೀನೇ, ಈಗ ಆಡಿ ಅಂತ ಎಬ್ಬಿಸ್ತಿರೋದೂ ನೀನೇ. ನಾನು ರಿಟೈರ್ ಆಗ್ಬೇಕಾಗಿದ್ದು ಫುಟ್‌ಬಾಲಿಂದ ಅಲ್ಲ ಕಣೆ!”