ರಾಮದುರ್ಗದ ದಾರಿಯಲ್ಲಿ ಮುರಿದ ಕಡಾಣಿ

ಬಾಣಂತನ ಮುಗಿಸಿದ ತಂಗಿ ಗಂಗವ್ವನನ್ನು ರಾಮದುರ್ಗದ ಗಂಡನ ಮನೆಗೆ ಬಿಡಲು ಕಿತ್ತೂರಿನಿಂದ ನಸುಕಿನಲ್ಲೇ ಹೊರಟೆವು. ಚಕ್ಕಡಿ ನೆರೆಮನೆಯ ಯಲ್ಲಪ್ಪಕಾಕಾ ಅವರದು, ಹೊಡೆಯುವವರೂ ಅವರೇ. ಕಮ್ಮಾರನಾದ ನಾನು ಈ ಪ್ರಯಾಣಕ್ಕೆಂದೇ ಹೊಸ ಕಡಾಣಿಗಳನ್ನು ಬಡಿದಿದ್ದೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಉಕ್ಕಿನ ಮೊಳೆಗಳು ಅವು.

"ಅರ ತಿಕ್ಕಿದರೂ ಗೀರು ಬೀಳೂದಿಲ್ಲ, ಕಾಕಾ," ಎಂದು ಬೀಗಿದೆ.

ಬೈಲಹೊಂಗಲದಲ್ಲಿ ಪರಿಚಯದವರ ಮನೆಯಲ್ಲಿ ರೊಟ್ಟಿ, ಝುಣಕ ಉಂಡು ತಂಗಿದೆವು. ಮರುದಿನ ಮುನವಳ್ಳಿಯವರೆಗೆ ಎರೆಮಣ್ಣಿನ ದಾರಿ ಮೆತ್ತಗಿತ್ತು. ಮುಂದೆ ಸವದತ್ತಿಯ ಕಲ್ಲುದಾರಿಯ ಇಳಿಜಾರಿನಲ್ಲಿ ಟಣ್ಣೆಂದು ಸದ್ದಾಯಿತು. ಗಾಲಿ ಕಳಚಿ ಉರುಳಿತು. ಕೂಸನ್ನು ಎದೆಗವಚಿಕೊಂಡೇ ಬಿದ್ದ ಗಂಗವ್ವನ ಮುಂಗೈ ಮುರಿಯಿತು. ಪುಣ್ಯಕ್ಕೆ ಕೂಸಿಗೆ ಏನೂ ಆಗಲಿಲ್ಲ.

"ಕಣ್ಣ ಮುಚ್ಚಿ ಹೊಡೀತೀರೇನ್ರಿ?" ಎಂದು ಕಾಕಾನ ಮೇಲೆ ಹರಿಹಾಯ್ದೆ. ದಾರಿಹೋಕರೂ ಬೈದರು.

"ಕಲ್ಲ ತಪ್ಪಿಸೇ ಹೊಡದೇನಪ್ಪಾ," ಎಂದಷ್ಟೇ ಹೇಳಿ ಅವರು ಎತ್ತುಗಳನ್ನು ಬಿಚ್ಚಿದರು.

ಕಡಾಣಿಯ ತುಂಡು ಧೂಳಿನಲ್ಲಿ ಸಿಕ್ಕಿತು. ಅದು ಚೂರೂ ಬಾಗಿರಲಿಲ್ಲ. ಮುರಿದ ಕಡೆ ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಕೆಂಪಗೆ ಕಾಸಿ ನೀರಿಗೆ ಅದ್ದಿದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ ಹದಕ್ಕೆ ತರಬೇಕು. ಗಡಸು ಕಡಿಮೆಯಾದೀತೆಂದು ನಾನು ಆ ಕೆಲಸವನ್ನೇ ಬಿಟ್ಟಿದ್ದೆ. ತುಂಡನ್ನು ಧೋತರದ ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ.

ಕಟ್ಟಿಗೆಯ ಗೂಟ ಸಿಕ್ಕಿಸಿ, ನಿಧಾನವಾಗಿ ಸವದತ್ತಿ ಸೇರಿದೆವು. ಎಲುಬು ಕೂಡಿಸುವವರು ಬಿದಿರಿನ ಪಟ್ಟಿ ಕಟ್ಟಿದರು. ಅಲ್ಲಿಯ ಕುಲುಮೆಯೊಂದರಲ್ಲಿ ನಾನು ಹೊಸ ಕಡಾಣಿ ಬಡಿದು, ನೀರಿಗೆ ಅದ್ದಿ, ಒಂದು ಮೈಯನ್ನು ಹೊಳೆಯುವಂತೆ ಉಜ್ಜಿ ಬೆಂಕಿಯ ಬಳಿ ಹಿಡಿದೆ. ಕಾದಂತೆ ಆ ಮೈಗೆ ಹಳದಿ ಬಂತು, ಕಂದು ಬಂತು; ಹದದ ಗುರುತಾದ ನೀಲಿ ಬಂದಾಗ ತೆಗೆದೆ. ಸುತ್ತಿಗೆಯಿಂದ ಹೊಡೆದರೆ ತುಸು ಬಾಗಿತೇ ಹೊರತು ಮುರಿಯಲಿಲ್ಲ. ಹೊರಗೆ ಬಂದಾಗ ಕಾಕಾ ಗಂಗವ್ವನಿಗೆ ನೀರಿನ ತಂಬಿಗೆ ಹಿಡಿದಿದ್ದರು. ಅವಳು ಮುಖ ತಿರುಗಿಸಿದಳು. ನಾನು ಗಾಲಿಯ ಬಳಿ ಕೂತು ಹೊಸ ಕಡಾಣಿ ಸಿಕ್ಕಿಸತೊಡಗಿದೆ.

ಮರುದಿನ ರಾಮದುರ್ಗದಲ್ಲಿ ಪಟ್ಟಿ ಕಟ್ಟಿದ ಕೈ ಕಂಡ ಅವಳ ಅತ್ತೆ, ಚಕ್ಕಡಿಯಿಂದ ಬಿದ್ದದ್ದೆಂದು ತಿಳಿದು ಕಾಕಾನತ್ತ ತಿರುಗಿದರು: "ಕಣ್ಣ ಕಾಣದಿದ್ರ ಚಕ್ಕಡಿ ಯಾಕ ಹೊಡೀತೀರಿ?" ಕಾಕಾ ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ಅವರ್ದೇನೂ ತಪ್ಪಿಲ್ರಿ. ನನ್ನ ಕಡಾಣಿ ಮುರೀತು. ಉಕ್ಕಿಗೆ ನಾನ ಹದಾ ಕೊಟ್ಟಿರಲಿಲ್ಲ."

"ಯಾವಾಗ ತಿಳೀತು?" ಗಂಗವ್ವ ಕೇಳಿದಳು.

"ಬಿದ್ದಲ್ಲೇ."

ಅವಳು ಒಂದೇ ಕೈಯಲ್ಲಿ ಕೂಸನ್ನೆತ್ತಿ ಕಾಕಾನ ತೊಡೆಯ ಮೇಲೆ ಮಲಗಿಸಿದಳು.

ನಾವು ಮರಳಿ ಹೊರಟಾಗ ಗಂಗವ್ವ ಬಾಗಿಲವರೆಗೆ ಬಂದು ಅಂದಳು: "ಕಾಕಾ, ಪಂಚಮಿಗೆ ಕರಿಯಾಕ ನೀವ ಬರ್ರಿ." ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರಬೇಕಾದವನು ಅಣ್ಣ. ನಾನು ಚಕ್ಕಡಿಯ ಹಿಂದೆ ಕುಳಿತಿದ್ದೆ. ಮನೆ ಮರೆಯಾಗುವವರೆಗೂ ತಲೆ ಎತ್ತಲಾಗಲಿಲ್ಲ.